ಅಂಗಳದ ಹಳೆಯ ಗಾಡಿ: ಸ್ಮೃತಿಯೋ, ಮೂರ್ಛೆಯೋ?

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣವು ವ್ಯಾಪಾರಸ್ಥರ ಮನೆಗಳಲ್ಲಿ ಹೆಚ್ಚು ಮಾತಿಗೆ ಬರುವ, ಆದರೆ ಅಷ್ಟೇ ಸುಲಭವಾಗಿ ಕೈಜಾರುವ ವ್ರತ. ಹಿಂಸೆ, ಅಸತ್ಯ, ಕಳವು ನಡೆದಾಗ ನಡೆದದ್ದು ಗೊತ್ತಾಗುತ್ತದೆ. ಪರಿಗ್ರಹವಾದರೋ ಸದ್ದಿಲ್ಲದೆ ಬೆಳೆಯುತ್ತದೆ; ಅಟ್ಟದ ಮೇಲೆ, ಹಿತ್ತಲಿನಲ್ಲಿ, ಉಗ್ರಾಣದ ಮೂಲೆಯಲ್ಲಿ ತಾನೇ ಜಾಗ ಮಾಡಿಕೊಳ್ಳುತ್ತದೆ. ಬಾಹ್ಯ ಪರಿಗ್ರಹವನ್ನು ಜೈನಾಚಾರ್ಯರು ಹತ್ತು ಬಗೆಯಾಗಿ ಎಣಿಸಿದ್ದಾರೆ: ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದ, ಯಾನ, ಶಯನಾಸನ, ಕುಪ್ಯ, ಭಾಂಡ. ಈ ಪಟ್ಟಿಯಲ್ಲಿ ಏಳನೆಯದಾದ ‘ಯಾನ’ದ ಮುಂದೆ ಇಂದಿನ ಗೃಹಸ್ಥನು ಏನು ಬರೆಯಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ ಸಣ್ಣದಲ್ಲ.

ವಾಹನದ ವಿಷಯವನ್ನು ಆಚಾರ್ಯರು ಲಘುವಾಗಿ ಕಂಡವರಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹ ವ್ರತಕ್ಕೆ ಹೇಳಿರುವ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಐದರಲ್ಲಿ ಮೊದಲನೆಯದೂ ಕೊನೆಯದೂ ಹೊರೆ ಹೊರುವ ಸಾಧನಕ್ಕೆ ಸಂಬಂಧಿಸಿದವು. ಅತಿವಾಹನವೆಂದರೆ ಲೋಭದಿಂದ ಎತ್ತು ಮೊದಲಾದವುಗಳನ್ನು ಅವು ಸುಖವಾಗಿ ನಡೆಯಬಲ್ಲ ದೂರಕ್ಕಿಂತ ಹೆಚ್ಚು ನಡೆಸುವುದು. ಅಗತ್ಯಕ್ಕೆ ಮೀರಿ ವಾಹನಗಳನ್ನು ಇಟ್ಟುಕೊಳ್ಳುವುದೆಂದೂ ಕೆಲವರು ಅರ್ಥ ಮಾಡಿದ್ದಾರೆ. ಇದೇ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಸಮಂತಭದ್ರರು ಕೊಟ್ಟಿದ್ದಾರೆ. ಅಳತೆ ಬೇಕಾದದ್ದು ವಸ್ತುವಿಗೆ ಮಾತ್ರವಲ್ಲ, ಇಚ್ಛೆಗೂ ಎಂಬುದು ಆ ಹೆಸರಿನಲ್ಲಿಯೇ ಇದೆ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಬರುವ ಆನಂದನೆಂಬ ಗೃಹಪತಿ ವ್ರತ ಸ್ವೀಕರಿಸುವಾಗ ದೂರದೇಶದ ವ್ಯಾಪಾರಕ್ಕೆ 500 ಬಂಡಿ, ಸ್ಥಳೀಯ ಸಾಗಣೆಗೆ 500 ಬಂಡಿ ಎಂದು ಮಿತಿ ಹಾಕಿಕೊಂಡನು. ಒಂದು ಸಾವಿರ ಬಂಡಿಯೂ ಒಂದು ಮಿತಿಯೇ ಎಂದು ನಗುವವರಿದ್ದಾರೆ. ಆನಂದನಿಗೆ ತನ್ನ ಬಂಡಿಗಳ ಲೆಕ್ಕ ಗೊತ್ತಿತ್ತು. ನಗುವವರಲ್ಲಿ ಎಷ್ಟು ಜನರಿಗೆ ತಮ್ಮ ಅಟ್ಟದ ಮೇಲಿರುವ ಸಾಮಾನಿನ ಲೆಕ್ಕ ಗೊತ್ತಿದೆ ಎಂದು ಕೇಳಿದರೆ ನಗೆ ನಿಲ್ಲಬಹುದು.

ಹೊಸ ವಾಹನ ಕೊಳ್ಳುವಾಗ ಇಚ್ಛೆಯ ಗುರುತು ಸಿಗುತ್ತದೆ. ಹಣ ಕೈಬಿಡುತ್ತದೆ, ನೆರೆಯವರು ನೋಡುತ್ತಾರೆ, ಒಳಗೊಳಗೇ ಒಂದು ಹಿಗ್ಗು ಏಳುತ್ತದೆ. ಕಠಿಣವಾದ ಪ್ರಸಂಗವೆಂದರೆ ಹಳೆಯ ವಾಹನದ್ದು. ಓಡದ, ಬೆಲೆಬಾಳದ, ಯಾರೂ ಆಸೆಪಡದ ಗಾಡಿಯೊಂದನ್ನು ತಂದೆಯ ನೆನಪಿಗಾಗಿ ಇಟ್ಟುಕೊಂಡರೆ ಅದು ಪರಿಗ್ರಹವೆ? ಲಾಭವಿಲ್ಲದ ಮೇಲೆ ಲೋಭವೆಲ್ಲಿ ಎಂದು ಅನೇಕರು ಕೇಳುತ್ತಾರೆ.

ಲಕ್ಷ್ಮೇಶ್ವರದ ಕಡೆಯ ಒಂದು ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಹೆಸರು ಬೇಡ, ಇಂಥ ಮನೆಗಳು ಊರೂರಿನಲ್ಲಿವೆ. ಮೆಣಸಿನಕಾಯಿ, ಶೇಂಗಾ, ಜೋಳದ ವ್ಯಾಪಾರ. ಮನೆಯ ಯಜಮಾನರು 1987ರಲ್ಲಿ ಮಹೀಂದ್ರ ಕಂಪನಿಯ ಒಂದು ಡೀಸೆಲ್ ಪಿಕಪ್ ಗಾಡಿ ಕೊಂಡರು. ಅದಕ್ಕೆ ಮೊದಲು ಎತ್ತಿನ ಬಂಡಿ, ಬಾಡಿಗೆ ಲಾರಿ. ಸುಗ್ಗಿಯ ತಿಂಗಳುಗಳಲ್ಲಿ ಈ ಗಾಡಿ ಕೆಂಪು ಮೆಣಸಿನಕಾಯಿಯ ಚೀಲ ಹೊತ್ತು ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತಿತ್ತು. ಹಿಂದಿನ ತೊಟ್ಟಿಗೆ ಹತ್ತಿದ ಘಾಟು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮಕ್ಕಳು ಅದರಲ್ಲಿ ಕುಳಿತ ಕೂಡಲೇ ಸೀನುತ್ತಿದ್ದರು. ಮುಂಭಾಗದ ಗಾಜಿನ ಮೇಲೆ ‘ಶ್ರೀ ಪಾರ್ಶ್ವನಾಥ ಪ್ರಸನ್ನ’ ಎಂದೂ ಬಾಗಿಲಿನ ಮೇಲೆ ಅಜ್ಜನ ಹೆಸರೂ ಅಂಗಡಿಯ ಹೆಸರೂ ಹಳದಿ ಬಣ್ಣದಲ್ಲಿ ಬರೆದಿದ್ದವು. 1993ರ ಡಿಸೆಂಬರಿನಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಮನೆಮಂದಿಯೆಲ್ಲ ತೊಟ್ಟಿಯಲ್ಲಿ ಹಾಸಿಗೆ ಹಾಸಿಕೊಂಡು ಹೋದರು. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸುವುದು ಕಾಯಿದೆಗೆ ವಿರುದ್ಧವೆಂಬುದು ಆಗ ಯಾರಿಗೂ ನೆನಪಾಗಲಿಲ್ಲ. ರಾತ್ರಿಭೋಜನ ತ್ಯಾಗದ ನಿಯಮವಿದ್ದುದರಿಂದ ಹೊತ್ತು ಮುಳುಗುವ ಮೊದಲೇ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ, ಸೋಸಿದ ನೀರು. ಆ ಪ್ರಯಾಣವನ್ನು ಕಂಡ ಮಕ್ಕಳಿಗೆ ಈಗ ನಡುವಯಸ್ಸು ದಾಟಿದೆ. ಗೊಮ್ಮಟನಿಗಿಂತ ಹುಣಸೆ ಮರವೇ ಹೆಚ್ಚು ನೆನಪಿದೆಯೆಂದು ಅವರಲ್ಲಿ ಒಬ್ಬರು ಹೇಳಿದರೆ ತಪ್ಪು ತಿಳಿಯಬೇಕಾಗಿಲ್ಲ.

ಯಜಮಾನರ ಒಂದು ಅಭ್ಯಾಸವನ್ನು ಹಮಾಲರು ನೆನೆಯುತ್ತಿದ್ದರು. ದರ ಏರುತ್ತಿರುವ ದಿನವಾದರೂ ಅವರು ಗಾಡಿಗೆ ಇಷ್ಟೇ ಚೀಲವೆಂದು ಗೊತ್ತು ಮಾಡಿದ್ದರು. ಇನ್ನೆರಡು ಹಿಡಿಯುತ್ತವೆ ಎಂದು ಯಾರು ಎಂದರೂ ಕೇಳುತ್ತಿರಲಿಲ್ಲ. ಎತ್ತಿನ ಬಂಡಿಯ ಕಾಲದಲ್ಲಿ ಅವರ ತಂದೆ ಹಾಕಿದ್ದ ಮಿತಿಯನ್ನು ಕಬ್ಬಿಣದ ಗಾಡಿಗೂ ಅವರು ಬಿಡಲಿಲ್ಲ. ಕಬ್ಬಿಣಕ್ಕೆ ನೋವಾಗುವುದಿಲ್ಲ ಎಂದು ವಾದಿಸಿದವರಿಗೆ, ಚೀಲ ಹೊರುವ ಬೆನ್ನು ಕಬ್ಬಿಣದ್ದಲ್ಲ ಎಂಬುದು ಅವರ ಉತ್ತರವಾಗಿತ್ತು.

ಅವರು ತೀರಿಕೊಂಡ ಮೇಲೆ ಇಬ್ಬರು ಮಕ್ಕಳಲ್ಲಿ ಪಾಲಾಯಿತು. ಹೊಲ, ಅಂಗಡಿ, ಬಂಗಾರ, ಹಿತ್ತಾಳೆಯ ಹಂಡೆಗಳೆಲ್ಲ ಅರ್ಧ ದಿನದಲ್ಲಿ ವಾಟಣಿ ಪತ್ರಕ್ಕೆ ಸೇರಿದವು. ಗಾಡಿ ಮಾತ್ರ ಉಳಿಯಿತು. ಅದು ನಿಂತದ್ದು ಅಣ್ಣನ ಅಂಗಳದಲ್ಲಿ. ಮಳೆಗಾಲದಲ್ಲಿ ಅದರ ಕೆಳಗೆ ನೀರು ನಿಲ್ಲುತ್ತದೆ, ಹುಳುಹುಪ್ಪಟೆ ಸೇರುತ್ತವೆ. ಗುಜರಿಗೆ ಕೊಡೋಣವೆಂದು ಅಣ್ಣ ಹೇಳಿದಾಗ ಹುಬ್ಬಳ್ಳಿಯಲ್ಲಿರುವ ತಮ್ಮ ಒಪ್ಪಲಿಲ್ಲ.

“ಅಣ್ಣಾ, ಅಪ್ಪ ಕುಂತ ಸೀಟ ಅದು. ಗುಜರಿಗೆ ಹೆಂಗ ಹಾಕ್ತೀರಿ?”

“ಹಂಗಾರ ನೀನ ಒಯ್ಯಪಾ.”

“ನನ್ನ ಕಡೆ ಜಾಗಾ ಎಲ್ಲೈತಿ?”

ಇಷ್ಟಕ್ಕೆ ಎರಡು ವರ್ಷ ಮಾತು ನಿಂತಿತು. ಪರ್ಯೂಷಣದ ಕೊನೆಗೆ ಕ್ಷಮೆ ಬೇಡುವ ದಿನವೂ ಅಂಚೆಯ ಕಾರ್ಡೊಂದು ಬಂದಿತೇ ಹೊರತು ತಮ್ಮ ಬರಲಿಲ್ಲ. ಎಕರೆಗಟ್ಟಲೆ ಹೊಲವನ್ನು ಜಗಳವಿಲ್ಲದೆ ಹಂಚಿಕೊಂಡವರು ತುಕ್ಕು ಹಿಡಿದ ತಗಡಿಗಾಗಿ ಬೇರೆಯಾದರು. ಲಾಭವಿಲ್ಲದ ಮೇಲೆ ಲೋಭವೆಲ್ಲಿ ಎಂಬ ಪ್ರಶ್ನೆಯನ್ನು ಈ ಮನೆಯ ಎದುರು ನಿಂತು ಮತ್ತೆ ಕೇಳಬೇಕು.

ಲೆಕ್ಕಪತ್ರ ಬಲ್ಲವರಿಗೆ ಇಲ್ಲಿ ಒಂದು ಸಂಗತಿ ಹೊಳೆಯುತ್ತದೆ. ಅಂಗಡಿಯ ಲೆಕ್ಕದಲ್ಲಿ ವಾಹನದ ಸವಕಳಿಯನ್ನು ಪ್ರತಿವರ್ಷ ಉಳಿದ ಮೌಲ್ಯದ ಮೇಲೆ ಶೇಕಡಾವಾರು ಕಳೆಯುವ ಪದ್ಧತಿಯುಂಟು. ಒಂದು ಲಕ್ಷ ರೂಪಾಯಿಯ ಗಾಡಿಗೆ ಶೇ. 15ರಂತೆ ಕಳೆಯುತ್ತ ಹೋದರೆ ಹತ್ತು ವರ್ಷಕ್ಕೆ ಉಳಿಯುವುದು ಸುಮಾರು 19,687 ರೂಪಾಯಿ, ಇಪ್ಪತ್ತು ವರ್ಷಕ್ಕೆ 3,876, ಮೂವತ್ತು ವರ್ಷಕ್ಕೆ 763. ಎಷ್ಟು ವರ್ಷ ಕಳೆದರೂ ಗಣಿತದಲ್ಲಿ ಅದು ಸೊನ್ನೆಯಾಗುವುದಿಲ್ಲ. ಲೆಕ್ಕ ಬರೆಯುವವನೇ ಒಂದು ದಿನ ಕೈಯಾರೆ ಅದನ್ನು ತೆಗೆದುಹಾಕಬೇಕು. ಮನಸ್ಸಿನ ಲೆಕ್ಕ ಇದಕ್ಕಿಂತ ವಿಚಿತ್ರವಾದುದು: ಅಂಗಡಿಯ ಪುಸ್ತಕದಲ್ಲಿ ಬೆಲೆ ಇಳಿದಂತೆಲ್ಲ ಮನಸ್ಸಿನ ಪುಸ್ತಕದಲ್ಲಿ ಏರುತ್ತದೆ. ಯಜಮಾನರು ಬದುಕಿದ್ದಾಗ ಆ ಗಾಡಿಯನ್ನು ಮಾರುವ ಮಾತು ಎರಡು ಸಲ ಬಂದಿತ್ತೆಂದು ಭಾವಿಸಿದರೆ, ಆಗ ತಡೆದವರು ಯಾರೂ ಇರುತ್ತಿರಲಿಲ್ಲ.

ಈಗ ಶಾಸ್ತ್ರದ ಮಾತಿಗೆ ಬರಬೇಕು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಮೂರ್ಛೆಯೆಂದು ಹೇಳಿದ್ದಾರೆ. ವಸ್ತುವಿನ ಬೆಲೆಯನ್ನಾಗಲಿ ಸಂಖ್ಯೆಯನ್ನಾಗಲಿ ಅಲ್ಲಿ ಎತ್ತಿಲ್ಲ. ಇದಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನ ಬರೆದ ಪೂಜ್ಯಪಾದಾಚಾರ್ಯರು ಲೋಕದಲ್ಲಿ ಮೂರ್ಛೆಯೆಂದರೆ ವಾತಪ್ರಕೋಪದಿಂದ ಎಚ್ಚರ ತಪ್ಪುವುದಲ್ಲವೆ ಎಂಬ ಶಂಕೆಯನ್ನು ತಾವೇ ಎತ್ತಿ ಸಮಾಧಾನ ಹೇಳುತ್ತಾರೆ. ಗೋವು, ಮಹಿಷ, ಮಣಿ, ಮುತ್ತು ಮುಂತಾದ ಹೊರಗಿನ ವಸ್ತುಗಳನ್ನೂ ರಾಗಾದಿ ಒಳಗಿನ ಉಪಾಧಿಗಳನ್ನೂ ಕಾಯುವುದು, ಗಳಿಸುವುದು, ಸಂಸ್ಕರಿಸುವುದು – ಈ ವ್ಯಾಪಾರದಲ್ಲಿ ತೊಡಗಿರುವುದೇ ಇಲ್ಲಿ ಮೂರ್ಛೆಯೆಂಬುದು ಅವರ ಅಭಿಪ್ರಾಯ. ಅರ್ಜನೆ, ಸಂರಕ್ಷಣೆ, ಸಂಸ್ಕಾರ ಎಂಬ ಮೂರು ಮಾತುಗಳನ್ನು ಗಮನಿಸಬೇಕು. ಆ ಪಿಕಪ್ಪನ್ನು ಅರ್ಜಿಸಿದವರು ತಂದೆ. ಅವರಿಗೆ ಅದು ದುಡಿಮೆಯ ಸಾಧನ. ಸಂರಕ್ಷಣೆಯೂ ಸಂಸ್ಕಾರವೂ ಮಕ್ಕಳ ಪಾಲಿಗೆ ಬಂದವು. ಏನನ್ನೂ ಗಳಿಸದೆ ಕೇವಲ ಕಾಯುವುದರಿಂದಲೂ ಪರಿಗ್ರಹವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕಿಲ್ಲ.

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಸಿಹುಲ್ಲು ಮೇಯುವ ಜಿಂಕೆಯ ಮರಿಯನ್ನೂ ಇಲಿಗಳನ್ನು ಹಿಡಿಯುವ ಬೆಕ್ಕನ್ನೂ ಹೋಲಿಸಿ, ಮೂರ್ಛೆಯಲ್ಲಿ ಮಂದ ತೀವ್ರವೆಂಬ ಭೇದವನ್ನು ತೋರಿಸುತ್ತಾರೆ. ಜಿಂಕೆ ಬೆದರಿಸಿದರೆ ಹುಲ್ಲು ಬಿಟ್ಟು ಓಡುತ್ತದೆ, ಬೆಕ್ಕನ್ನು ಹೊಡೆದರೂ ಇಲಿಯನ್ನು ಬಿಡುವುದು ಕಷ್ಟ – ಆ ಹೋಲಿಕೆಯನ್ನು ಹೀಗೆ ವಿವರಿಸಿಕೊಳ್ಳಬಹುದು. ಹಳೆಯ ಗಾಡಿಯ ಪರೀಕ್ಷೆಯೂ ಇದೇ. ಬಿಡಬೇಕಾದ ದಿನ ಬಂದಾಗ ಮನಸ್ಸು ಎಷ್ಟು ಬಿಗಿ ಹಿಡಿಯುತ್ತದೆ ಎಂಬುದರಲ್ಲಿ ಪರಿಗ್ರಹದ ತೂಕವಿದೆ.

ಇನ್ನು ಆಭ್ಯಂತರ ಪರಿಗ್ರಹಗಳು ಹದಿನಾಲ್ಕು: ಮಿಥ್ಯಾತ್ವ, ಕ್ರೋಧ, ಮಾನ, ಮಾಯಾ, ಲೋಭವೆಂಬ ನಾಲ್ಕು ಕಷಾಯಗಳು, ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಹಾಗೂ ಮೂರು ವೇದಗಳೆಂಬ ನೋಕಷಾಯಗಳು. ಶೋಕವೂ ಪರಿಗ್ರಹವೆಂದು ಎಣಿಸಿರುವುದು ಮೊದಲ ಓದಿಗೆ ಕಠೋರವಾಗಿ ಕಾಣುತ್ತದೆ. ತಂದೆಯನ್ನು ಕಳೆದುಕೊಂಡ ಮಗ ಅಳಬಾರದೆ? ಅಳಬಾರದೆಂದು ಗೃಹಸ್ಥನಿಗೆ ಯಾರೂ ಹೇಳಿಲ್ಲ. ಆದರೆ ಶೋಕವನ್ನು ಒಂದು ಆಸ್ತಿಯಂತೆ ಕಾಯ್ದಿರಿಸಿ ಅದರ ಹಕ್ಕನ್ನು ಸೋದರನ ವಿರುದ್ಧ ಸ್ಥಾಪಿಸುವಾಗ ಅದು ಎಣಿಕೆಗೆ ಬರುತ್ತದೆ. ಹುಬ್ಬಳ್ಳಿಯ ತಮ್ಮನಿಗೆ ಬೇಕಾಗಿದ್ದುದು ಗಾಡಿಯಲ್ಲ. ತಂದೆಯನ್ನು ಅಣ್ಣನಿಗಿಂತ ತಾನು ಹೆಚ್ಚು ಪ್ರೀತಿಸಿದ್ದೆನೆಂಬುದಕ್ಕೆ ಒಂದು ಸಾಕ್ಷಿ. ಬಾಹ್ಯದಲ್ಲಿ ಒಂದೇ ಯಾನ; ಒಳಗೆ ಶೋಕ, ಮಾನ, ಕ್ರೋಧ ಮೂರೂ ಅದರೊಳಗೆ ಕುಳಿತಿದ್ದವು. ಅಣ್ಣನೂ ನಿರ್ದೋಷಿಯಲ್ಲ. ಅವನಿಗಿದ್ದದ್ದು ವೈರಾಗ್ಯವಲ್ಲ, ಅಂಗಳದ ಅರತಿ. ಬೇಸರದಿಂದ ಬಿಟ್ಟದ್ದನ್ನು ತ್ಯಾಗವೆಂದು ಕರೆಯಲಾಗದು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಹಾಗಾದರೆ ಸ್ಮರಣೆಯೇ ದೋಷವೆ? ತಂದೆತಾಯಿಯರನ್ನು ನೆನೆಯುವುದೂ ಬಂಧಕಾರಣವೆ?

ಜೈನ ನ್ಯಾಯಶಾಸ್ತ್ರ ಈ ಶಂಕೆಗೆ ಗಟ್ಟಿಯಾದ ಉತ್ತರ ಕೊಡುತ್ತದೆ. ಇತರ ಅನೇಕ ದರ್ಶನಗಳು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪದಿದ್ದಾಗ ಅಕಲಂಕದೇವರು ಅದನ್ನು ಪರೋಕ್ಷ ಪ್ರಮಾಣಗಳ ಸಾಲಿನಲ್ಲಿ ಸ್ಥಾಪಿಸಿದರು. ಮಾಣಿಕ್ಯನಂದಿಗಳ ಪರೀಕ್ಷಾಮುಖದಲ್ಲಿ ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂದು ಐದು ಭೇದಗಳು ಬರುತ್ತವೆ. ಅವುಗಳಲ್ಲಿ ಸ್ಮೃತಿಯೇ ಮೊದಲನೆಯದು. ಸ್ಮೃತಿಯ ಆಕಾರ ‘ಅದು’ ಎಂಬುದು. ಹುಣಸೆ ಮರ, ಆ ಸಂಜೆ, ಆ ಬುತ್ತಿ, ಆ ತಂದೆ. ಅದು ಇತ್ತು, ಹೀಗಿತ್ತು ಎಂದು ತಿಳಿಯುವುದು ಜ್ಞಾನ. ಜ್ಞಾನ ಆತ್ಮನ ಸ್ವಭಾವ. ಜ್ಞಾನ, ದರ್ಶನ, ಚಾರಿತ್ರಗಳೂ ನನ್ನವೆನ್ನಿಸುವುದರಿಂದ ಅವೂ ಪರಿಗ್ರಹವಾಗಬೇಕಲ್ಲವೆ ಎಂಬ ಪ್ರಶ್ನೆಗೆ, ಅವು ಆತ್ಮಸ್ವಭಾವವಾದುದರಿಂದ ಬಿಡತಕ್ಕವಲ್ಲವೆಂದು ಪೂಜ್ಯಪಾದರು ಉತ್ತರ ಕೊಟ್ಟಿದ್ದಾರೆ. ಮೂರ್ಛೆಯ ಆಕಾರ ಬೇರೆ. ಅದು ‘ನನ್ನದು’ ಎನ್ನುತ್ತದೆ. ‘ಅದು’ ಎಂಬುದನ್ನು ಅಣ್ಣತಮ್ಮಂದಿರಿಬ್ಬರೂ ಪೂರ್ತಿಯಾಗಿ ಪಡೆಯಬಹುದು, ಹಂಚಿದರೆ ಕಡಿಮೆಯಾಗದು. ‘ನನ್ನದು’ ಎಂಬುದಕ್ಕೆ ಮಾತ್ರ ವಾಟಣಿ ಪತ್ರ ಬೇಕು.

ಹಾಗೆಂದು ಎಲ್ಲ ನೆನಪಿಗೂ ಶಾಸ್ತ್ರ ಬಾಗಿಲು ತೆರೆದಿಲ್ಲ. ಸಲ್ಲೇಖನೆಯ ಅತಿಚಾರಗಳಲ್ಲಿ ಮಿತ್ರಾನುರಾಗ, ಸುಖಾನುಬಂಧ ಎಂಬ ಎರಡು ಇವೆ. ಹಿಂದಿನ ಸುಖಗಳನ್ನು ಮತ್ತೆ ಮತ್ತೆ ಮೆಲುಕು ಹಾಕುವುದು ಸುಖಾನುಬಂಧ. ಅಂತ್ಯಕಾಲದಲ್ಲಿ ದೋಷವಾಗುವ ಅಭ್ಯಾಸವನ್ನು ಜೀವಮಾನವಿಡೀ ಬೆಳೆಸಿಕೊಂಡು, ಕೊನೆಯ ದಿನ ತಟ್ಟನೆ ಬಿಡಲು ಯಾರಿಗೂ ಸಾಧ್ಯವಾಗದು.

ಬಾಗಿಲಿನ ಮೇಲೆ ಬರೆದ ಅಜ್ಜನ ಹೆಸರಿನ ಮಾತೂ ಬಾಕಿ ಇದೆ. ಆ ಹೆಸರಿರುವ ಗಾಡಿಯನ್ನು ಗುಜರಿಯ ಸುತ್ತಿಗೆಗೆ ಒಡ್ಡುವುದು ವಂಶಕ್ಕೆ ಅಗೌರವವೆಂದು ಹಲವರಿಗೆ ತೋರುತ್ತದೆ. ಪಂಪನ ಆದಿಪುರಾಣವನ್ನು ಓದಿದವರಿಗೆ ವೃಷಭಾಚಲದ ಪ್ರಸಂಗ ನೆನಪಿರಬೇಕು. ಷಟ್ಖಂಡ ಗೆದ್ದ ಭರತ ಚಕ್ರವರ್ತಿ ತನ್ನ ಹೆಸರನ್ನು ಕೆತ್ತಿಸಲು ಆ ಬೆಟ್ಟದ ಬಳಿಗೆ ಬಂದಾಗ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಅದು ತುಂಬಿಹೋಗಿತ್ತು, ಬರೆಯಲು ಜಾಗವಿರಲಿಲ್ಲ. ಅವನ ಗರ್ವ ಇಳಿಯಿತು. ಆದರೂ ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸಿದನು. ಈ ಕಥೆಯಲ್ಲಿ ಓದುಗರು ಸಾಮಾನ್ಯವಾಗಿ ಗರ್ವಭಂಗವನ್ನು ಮಾತ್ರ ಹೇಳಿ ಮುಗಿಸುತ್ತಾರೆ. ಗರ್ವ ಇಳಿದ ಮೇಲೂ ಅಳಿಸಿ ಬರೆದನೆಂಬುದೇ ಹೆಚ್ಚು ಯೋಚಿಸತಕ್ಕ ಭಾಗ. ಚಕ್ರವರ್ತಿಯ ಹೆಸರಿಗೆ ಕಲ್ಲಿನ ಮೇಲೆ ದೊರೆಯದ ಶಾಶ್ವತತೆ ತಗಡಿನ ಮೇಲಿನ ಹಳದಿ ಬಣ್ಣಕ್ಕೆ ದೊರೆಯಲಾರದು.

ಹಾಗಾದರೆ ಓಡಿಸುತ್ತ ಇಟ್ಟುಕೊಳ್ಳೋಣ, ಉಪಯೋಗದಲ್ಲಿದ್ದರೆ ದೋಷವಿಲ್ಲವಲ್ಲ ಎನ್ನುವವರಿದ್ದಾರೆ. ಇಲ್ಲಿ ಐದನೆಯ ವ್ರತದಿಂದ ಮೊದಲನೆಯ ವ್ರತಕ್ಕೆ ಹೋಗಬೇಕಾಗುತ್ತದೆ. ಭಾರತದಲ್ಲಿ ಡೀಸೆಲ್ ವಾಹನಗಳ ಹೊಗೆಗೆ ಮೊದಲ ರಾಷ್ಟ್ರೀಯ ಮಿತಿ ಬಂದದ್ದು 1992ರಲ್ಲಿ. ಭಾರತ್ ಸ್ಟೇಜ್ 6 ಮಾನದಂಡ ದೇಶಕ್ಕೆಲ್ಲ ಜಾರಿಯಾದದ್ದು 2020ರ ಏಪ್ರಿಲ್ 1ರಂದು. 1987ರ ಎಂಜಿನ್ನು ಈ ಯಾವ ಮಿತಿಗೂ ಒಳಪಟ್ಟು ತಯಾರಾದದ್ದಲ್ಲ. ಅದರ ಕರಿಹೊಗೆ ವಾಯುಕಾಯ ಜೀವಿಗಳ ಮಾತು ಹಾಗಿರಲಿ, ಓಣಿಯ ಮಕ್ಕಳ ಎದೆಗೂ ಹೋಗುತ್ತದೆ. ಮುಖಕ್ಕೆ ಪಟ್ಟಿ ಕಟ್ಟಿ, ನೀರು ಸೋಸಿ ಕುಡಿಯುವ ಪರಂಪರೆಯವರು ಇದನ್ನು ಕಾಣದಿರುವುದು ಹೇಗೆ? ಇನ್ನೊಂದು ಪಕ್ಷವನ್ನೂ ಹೇಳಬೇಕು. ಹಳೆಯದನ್ನು ಒಡೆದು ಹೊಸದನ್ನು ಕೊಂಡರೆ ಹಿಂಸೆ ತಪ್ಪಿತೆಂದು ಭಾವಿಸುವುದೂ ಸರಿಯಲ್ಲ. ಬಳ್ಳಾರಿ ಸಂಡೂರಿನ ಕೆಂಪು ಗುಡ್ಡಗಳನ್ನು ಕಂಡವರಿಗೆ ಹೊಸ ಉಕ್ಕು ಎಲ್ಲಿಂದ ಬರುತ್ತದೆಂದು ವಿವರಿಸಬೇಕಿಲ್ಲ. ವರ್ಷಕ್ಕೆ ನಾಲ್ಕು ಸಲ ಮಾತ್ರ ಹೊರಡುವ ಗಾಡಿಯನ್ನು ಬದಲಿಸಲು ಹೊಸ ಗಾಡಿ ಕೊಳ್ಳುವುದಕ್ಕಿಂತ ಆ ನಾಲ್ಕು ದಿನ ಬಾಡಿಗೆ ಹಿಡಿಯುವುದು ಉಭಯ ದೃಷ್ಟಿಯಿಂದಲೂ ಮೇಲು. ಒಡೆದ ಹಳೆಯ ಕಬ್ಬಿಣ ಕರಗಿ ಮತ್ತೆ ಉಪಯೋಗಕ್ಕೆ ಬರುವಷ್ಟು ಮಟ್ಟಿಗೆ ಗುಡ್ಡ ಉಳಿಯುತ್ತದೆ. ಅಂಗಳದಲ್ಲಿ ತುಕ್ಕು ಹಿಡಿಯುವ ಕಬ್ಬಿಣ ಯಾರಿಗೂ ಬಾರದು.

ಕಾಗದಪತ್ರಗಳ ವಿಷಯ ಸಣ್ಣದೆಂದು ಬಿಡುವವರೇ ಹೆಚ್ಚು. ಮಾಲೀಕರು ತೀರಿಕೊಂಡರೆ ಮೂರು ತಿಂಗಳೊಳಗೆ ವಾರಸುದಾರರು ನೋಂದಣಿಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕೆಂದು ನಿಯಮವಿದೆ. ಅನೇಕ ಮನೆಗಳಲ್ಲಿ ಹತ್ತು ವರ್ಷವಾದರೂ ಗಾಡಿ ದಿವಂಗತರ ಹೆಸರಿನಲ್ಲಿಯೇ ಓಡುತ್ತಿರುತ್ತದೆ, ವಿಮೆ ತೀರಿರುತ್ತದೆ. ‘ಅಪ್ಪನ ಹೆಸರು ತೆಗೆಯಲು ಮನಸ್ಸಾಗುವುದಿಲ್ಲ’ ಎಂಬುದು ಕಾರಣ. ಇಂಥ ಗಾಡಿ ದಾರಿಯಲ್ಲಿ ಒಬ್ಬ ಕೂಲಿಕಾರನಿಗೆ ತಾಗಿದರೆ ಅವನ ಸಂಸಾರಕ್ಕೆ ಪರಿಹಾರ ಎಲ್ಲಿಂದ ಬರಬೇಕು? ಪಿತೃಭಕ್ತಿಯ ವೆಚ್ಚವನ್ನು ಮೂರನೆಯವನ ಮೇಲೆ ಹೊರಿಸಿದಂತಾಗುವುದಿಲ್ಲವೆ?

ಇದಕ್ಕಿಂತ ನೋವಿನ ಸಂಗತಿಯೊಂದಿದೆ. ತಂದೆಯ ಗಾಡಿಯನ್ನು ಮಾರಲು ಒಪ್ಪದ ಎಷ್ಟೋ ಮಕ್ಕಳು ತಮ್ಮ ಹೊಸ ಗಾಡಿಗೆ ನಿಗದಿಗಿಂತ ಒಂದೂವರೆ ಪಟ್ಟು ಚೀಲ ಹೇರುತ್ತಾರೆ. ಯಜಮಾನರು ಇಷ್ಟೇ ಚೀಲವೆಂದು ಹಾಕಿದ್ದ ಮಿತಿ ಗುಜರಿಗೆ ಹೋಗಿ ಬಹಳ ದಿನವಾಗಿರುತ್ತದೆ. ಅದಕ್ಕಾಗಿ ಯಾವ ಅಣ್ಣತಮ್ಮಂದಿರೂ ಜಗಳವಾಡಿದ್ದಿಲ್ಲ. ಸಮಂತಭದ್ರರ ಅತಿಭಾರವಹನವನ್ನು ವರ್ಜಿಸಿ ತೋರಿಸಿದ ತಂದೆಯ ಆಸ್ತಿ ಯಾವುದು, ತಗಡೋ ಮಿತಿಯೋ, ಎಂದು ಮಕ್ಕಳು ಕೇಳಿಕೊಳ್ಳಬೇಕು.

ಕೊನೆಯದಾಗಿ ಬಸದಿಗಳ ಆಡಳಿತ ಮಂಡಳಿಗಳಿಗೆ ಸಂಬಂಧಿಸಿದ ಮಾತು. ಮಾರಲು ಮನಸ್ಸಿಲ್ಲ, ಇಡಲು ಜಾಗವಿಲ್ಲ ಎಂದಾಗ ಅನೇಕ ಕುಟುಂಬಗಳಿಗೆ ಬಸದಿ ನೆನಪಾಗುತ್ತದೆ. ಗಾಡಿಯನ್ನು ಟ್ರಸ್ಟಿಗೆ ದಾನ ಮಾಡಿ, ಬಾಗಿಲಿನ ಮೇಲಿನ ಹೆಸರನ್ನು ಅಳಿಸಬಾರದೆಂಬ ಷರತ್ತು ಹಾಕುತ್ತಾರೆ. ದಾನವೆಂದರೆ ತನ್ನದೆಂಬುದನ್ನು ಬಿಡುವುದು; ಹೆಸರನ್ನು ಉಳಿಸಿಕೊಂಡು ತುಕ್ಕನ್ನು ಮಾತ್ರ ಬಿಡುವುದಕ್ಕೆ ಬೇರೆ ಪದ ಹುಡುಕಬೇಕು. ಟ್ರಸ್ಟಿನವರೂ ಸಂಕೋಚದಿಂದ ಒಪ್ಪಿಕೊಳ್ಳುತ್ತಾರೆ. ಬಳಿಕ ತೆರಿಗೆ, ವಿಮೆ, ದುರಸ್ತಿಯೆಲ್ಲ ಭಂಡಾರದ ಹಣದಿಂದ. 2022ರ ಏಪ್ರಿಲಿನಿಂದ ಹದಿನೈದು ವರ್ಷ ಮೀರಿದ ವಾಹನಗಳ ನೋಂದಣಿ ನವೀಕರಣ ಮತ್ತು ಅರ್ಹತಾ ಪತ್ರದ ಶುಲ್ಕಗಳು ಬಹಳ ಏರಿವೆ. ಭಕ್ತರು ಹುಂಡಿಗೆ ಹಾಕಿದ ಹಣ ಒಂದು ಮನೆತನದ ನೆನಪನ್ನು ಸಾಕಲು ವೆಚ್ಚವಾಗಬಾರದು. ವಸ್ತು ಬಸದಿಗೆ ಈಗ ಉಪಯೋಗಕ್ಕೆ ಬರುತ್ತದೆಯೆ, ಮುಂದೆ ಟ್ರಸ್ಟು ತನ್ನ ಇಷ್ಟದಂತೆ ಅದನ್ನು ವಿಲೇವಾರಿ ಮಾಡಬಹುದೆ ಎಂಬ ಎರಡು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆದ ಮೇಲೆಯೇ ಇಂಥ ದಾನ ಸ್ವೀಕರಿಸುವುದು ಒಳಿತು. ಇಲ್ಲವೆಂದು ಹೇಳುವ ಕಷ್ಟ ಒಂದು ದಿನದ್ದು.

ಬಿಡುವ ಮನಸ್ಸು ಮಾಡಿದವರಿಗೆ ದಾರಿ ಸ್ಪಷ್ಟವಿದೆ. 2021ರಲ್ಲಿ ಬಂದ ನಿಯಮಗಳ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಕ್ಕೆ ವಾಹನ ಒಪ್ಪಿಸಿದರೆ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ವಾಹನ ಇನ್ನು ಬಳಕೆಗೆ ಬಾರದೆಂದಾದಾಗ ಹದಿನಾಲ್ಕು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ನೋಂದಣಿ ಪತ್ರ ಹಿಂದಿರುಗಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅದಕ್ಕೂ ಮೊದಲು ಅಣ್ಣತಮ್ಮಂದಿರು ಒಂದು ಮಧ್ಯಾಹ್ನ ಗಾಡಿಯ ಪಕ್ಕದಲ್ಲಿ ಕುಳಿತು, ತಂದೆ ಯಾವ ಯಾವ ಊರಿಗೆ ಹೋದರು, ಎಷ್ಟು ಚೀಲ ಹೇರುತ್ತಿದ್ದರು, ಯಾವ ಹಮಾಲನಿಗೆ ಏನು ಕೊಟ್ಟರು ಎಂಬುದನ್ನು ಮಕ್ಕಳಿಂದ ಒಂದು ನೋಟುಬುಕ್ಕಿನಲ್ಲಿ ಬರೆಸಬಹುದು. ಒಂದು ಪ್ರತಿ ಲಕ್ಷ್ಮೇಶ್ವರದಲ್ಲಿರಲಿ, ಇನ್ನೊಂದು ಹುಬ್ಬಳ್ಳಿಗೆ ಹೋಗಲಿ. ಬುತ್ತಿಯನ್ನು ಹೊತ್ತು ಮುಳುಗುವ ಮೊದಲು ಬಿಚ್ಚಿದರಾಯಿತು.